ಮೊದಲು ನೀರು ತೋರಿಸಬೇಡಿ

ನಮ್ಮ ಚಿಕ್ಕಮ್ಮನ ಮೊಳಕಾಲ್ಮೂರು ಸೀರೆಯ ಸೆರಗಿನ ಮೇಲೆ ಈಗಲೂ ನಾಲ್ಕು ಬೆರಳಿನ ಗುರುತಿದೆ. ಬೆರಳು ಅವರವೇ.

ದಾವಣಗೆರೆಯ ನಿಟುವಳ್ಳಿಯಲ್ಲಿ ಅವರ ಮನೆ. ದುಗ್ಗಮ್ಮನ ಜಾತ್ರೆ ಮುಗಿದು ನೆಂಟರೆಲ್ಲ ಊರಿಗೆ ಹೋದ ವಾರದಲ್ಲಿ, ಒಂದು ರಾತ್ರಿ ಫ್ರಿಜ್ಜಿನ ಹಿಂದಿನ ವೈರಿಗೆ ಬೆಂಕಿ ಹತ್ತಿತು. ಪಕ್ಕದ ಮನೆಯ ಹುಡುಗರು ಮೇನ್ ಸ್ವಿಚ್ ಆರಿಸಿ, ಮನೆ ಕಟ್ಟುವವರು ಬೀದಿಯಲ್ಲಿ ಹಾಕಿಸಿದ್ದ ಮರಳನ್ನು ತಂದು ಸುರಿದು ನಂದಿಸಿದರು. ಯಾರಿಗೂ ಏನೂ ಆಗಲಿಲ್ಲ. ಸುಟ್ಟದ್ದು ಫ್ರಿಜ್ಜು, ಅದರ ಹಿಂದಿನ ಗೋಡೆ, ಒಂದು ಪ್ಲಾಸ್ಟಿಕ್ ಕುರ್ಚಿ. ಇಷ್ಟರಲ್ಲಿ ಮುಗಿಯಿತಲ್ಲ ಎಂದು ಎಲ್ಲರೂ ಉಸಿರು ಬಿಟ್ಟರು. ಬೆಳಗ್ಗೆ ನೋಡಿದರೆ, ಬೆಂಕಿಯ ಬಿಸಿಯೂ ತಾಗದ ಒಳಕೋಣೆಯಲ್ಲಿ ಹ್ಯಾಂಗರಿಗೆ ಹಾಕಿದ್ದ ಜಾತ್ರೆಯ ಸೀರೆಯ ಮೇಲೆ ತೆಳ್ಳಗೆ ಕಪ್ಪು ಕೂತಿತ್ತು. ಬಾಗಿಲು ಹಾಕಿದ್ದ ಬೀರುವಿನೊಳಗಿನ ಬಟ್ಟೆಗಳಿಗೂ ವಾಸನೆ. ಚಿಕ್ಕಮ್ಮ ‘ಧೂಳು ತಾನೆ’ ಎಂದುಕೊಂಡು ಒದ್ದೆ ಬಟ್ಟೆ ತಂದು, ಸೆರಗನ್ನು ಅಂಗೈಯಲ್ಲಿ ಹಿಡಿದು ಒರೆಸಿದರು. ಕಪ್ಪು ಹೋಗಲಿಲ್ಲ, ಹರಡಿತು. ಹಿಡಿದಿದ್ದ ಬೆರಳುಗಳ ಅಚ್ಚು ಅಲ್ಲೇ ಉಳಿಯಿತು.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಇಂಗಾಲದ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲೆ, ಒಂದು ಸೀರೆಯ ಮೇಲಿಂದ ಅದನ್ನು ತೆಗೆಯುವುದು ಹೇಗೆಂದು ಮಾತ್ರ ಅಂದು ಹೊಳೆಯಲಿಲ್ಲ. ಸೀರೆಯನ್ನು ಕವರಿನಲ್ಲಿ ಹಾಕಿಕೊಂಡು ಡ್ರೈ ಕ್ಲೀನಿಂಗ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರು ಸೀರೆಯನ್ನು ಪೂರ್ತಿ ಬಿಚ್ಚುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೆ ನೀರು ತೋರಿಸಿದ್ದೀರಾ ಸಾರ್?”

ಹೌದು ಎಂದೆ. ಅವರು ಲೊಚಗುಟ್ಟಿದರು. “ಒಣಗಿದ್ದಾಗಲೇ ತಂದಿದ್ದರೆ ಅರ್ಧ ಕೆಲಸ ಬರೀ ಗಾಳಿಯಲ್ಲೇ ಆಗುತ್ತಿತ್ತು.”

ಈ ಲೇಖನದ ಸಾರ ಅವರ ಆ ಮಾತಿನಲ್ಲೇ ಇದೆ. ಅದು ಏಕೆ ನಿಜ ಎಂಬುದನ್ನು ಬಿಡಿಸಿ ಹೇಳುವ ಕೆಲಸ ಮಾತ್ರ ನನ್ನದು.

ಹೊಗೆ ಹೊಕ್ಕ ಬಟ್ಟೆಗೆ ಅಂಟಿರುವುದು ಒಂದಲ್ಲ, ಎರಡು ಬೇರೆ ಬೇರೆ ವಸ್ತು. ಕಣ್ಣಿಗೆ ಕಾಣುವ ಕಪ್ಪು ಮಸಿ. ಅದು ಘನ, ಇಂಗಾಲದ ಕಣ. ಮೂಗಿಗೆ ತಾಗುವುದು ಆವಿಯಾಗಿ ಬಂದು ನೂಲಿನೊಳಗೆ ಇಳಿದ ಎಣ್ಣೆಯಂಥ ದ್ರವ್ಯ, ಅಂದರೆ ಟಾರು ಮತ್ತು ಅದರ ಬಂಧುಬಳಗ. ಒಂದನ್ನು ತೆಗೆಯುವ ಉಪಾಯ ಇನ್ನೊಂದಕ್ಕೆ ಒಗ್ಗುವುದಿಲ್ಲ. ಮೊದಲನೆಯದನ್ನು ಒಣಗಿದ್ದಾಗ ತೆಗೆಯಬೇಕು, ಎರಡನೆಯದನ್ನು ತೊಳೆದು ತೆಗೆಯಬೇಕು. ನಾವೆಲ್ಲ ಎಡವುವುದು ಈ ಸರದಿಯನ್ನು ತಿರುವುಮುರುವು ಮಾಡಿ.

ಮೊದಲು ಮಸಿಯ ವಿಷಯ. ಕನ್ನಡದಲ್ಲಿ ಮಸಿ ಎಂದರೆ ಪಾತ್ರೆಯ ತಳದ ಕಪ್ಪೂ ಹೌದು, ಬರೆಯುವ ಶಾಯಿಯೂ ಹೌದು. ಎರಡಕ್ಕೂ ಒಂದೇ ಹೆಸರು ಸುಮ್ಮನೆ ಬಂದಿಲ್ಲ. ಉರಿಯುವ ದೀಪದ ಮೇಲೆ ಬಟ್ಟಲು ಕವುಚಿ ಹಿಡಿದ ಕಪ್ಪನ್ನು ಗೋಂದಿನ ನೀರಿನಲ್ಲಿ ಅರೆದರೆ ಶಾಯಿ, ತುಪ್ಪದಲ್ಲಿ ಕಲಸಿದರೆ ಕಣ್ಣಿಗೆ ಹಚ್ಚುವ ಕಾಡಿಗೆ. ನಮ್ಮ ಮಠಗಳಲ್ಲೂ ಅಂಗಡಿಗಳಲ್ಲೂ ಹಿಂದೆ ಲೆಕ್ಕ ಬರೆಯುತ್ತಿದ್ದ ಕಡತಗಳನ್ನು ನೋಡಿದವರಿಗೆ ಗೊತ್ತು: ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ತಲೆಮಾರುಗಳು ಕಳೆದರೂ ಆ ಕಪ್ಪು ಮಾಸಿಲ್ಲ. ಬಟ್ಟೆಯ ಮೇಲೆ ಇಂಗಾಲ ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬ್ಲೀಚ್ ಕೆಲಸ ಮಾಡುವುದು ಬಣ್ಣದ ಅಣುಗಳನ್ನು ಒಡೆದು. ಮಸಿಯಲ್ಲಿ ಒಡೆಯಲು ಅಂಥ ಬಣ್ಣದ ಅಣುವೇ ಇಲ್ಲ. ಎಷ್ಟು ಬ್ಲೀಚ್ ಸುರಿದರೂ ಬಟ್ಟೆ ಸವೆಯುತ್ತದೆಯೇ ಹೊರತು ಇಂಗಾಲ ಬೆಳ್ಳಗಾಗುವುದಿಲ್ಲ. ಅದನ್ನು ಎತ್ತಿ ಹೊರಗೆ ಹಾಕಬೇಕು, ಬೇರೆ ದಾರಿಯಿಲ್ಲ.

ಮಸಿಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸಣ್ಣವು. ಹತ್ತಿಯ ಒಂದು ಎಳೆ ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ಅಗಲ. ಅಂಥ ಹಲವಾರು ಎಳೆಗಳನ್ನು ಹುರಿ ಮಾಡಿದರೆ ನೂಲು. ಹೊಗೆ ಬಂದು ಕೂತ ಹೊಸದರಲ್ಲಿ ಕಣಗಳು ನೂಲಿನ ಮೇಲ್ಮೈಯಲ್ಲಿ, ಜೋಳದ ತೆನೆಯ ಮೇಲೆ ಕೂತ ಧೂಳಿನಂತೆ, ಹಗುರಾಗಿ ನಿಂತಿರುತ್ತವೆ. ಕೊಡವಿದರೆ ಅಷ್ಟಿಷ್ಟು ಉದುರುತ್ತವೆ. ಆಗ ನೀರು ಬಿದ್ದರೆ ಎರಡು ಅನಾಹುತ. ಒಂದು, ನೂಲು ನೀರನ್ನು ಒಳಗೆ ಎಳೆದುಕೊಳ್ಳುವಾಗ ಕಣಗಳನ್ನೂ ಎಳೆಗಳ ನಡುವಿನ ಸಂದಿಗೆ ಎಳೆದುಕೊಳ್ಳುತ್ತದೆ. ಎರಡು, ಮಸಿ ಎಣ್ಣೆಗೆ ಒಲಿಯುತ್ತದೆ, ನೀರಿಗೆ ಒಲಿಯುವುದಿಲ್ಲ. ಸೋಪಿಲ್ಲದ ನೀರು ಅದನ್ನು ಹೊತ್ತು ಹೊರಗೆ ಒಯ್ಯುವುದಿಲ್ಲ. ಅದರ ಮೇಲೆ ಉಜ್ಜಿದರಂತೂ ಕೈಯ ಒತ್ತಡ, ಚರ್ಮದ ಜಿಡ್ಡು ಸೇರಿ ಅಚ್ಚು ಹಾಕಿದ ಹಾಗೆ. ಚಿಕ್ಕಮ್ಮನ ಸೆರಗಿನಲ್ಲಿ ಆದದ್ದು ಇದೇ.

ಎಲ್ಲ ಹೊಗೆಯೂ ಒಂದೇ ಜಾತಿಯದಲ್ಲ. ಹಳೇ ದಾವಣಗೆರೆಯಲ್ಲಿ ಸೌದೆ ಒಲೆಯ ಮುಂದೆ ಕೂತು ಬೆಣ್ಣೆ ದೋಸೆ ತಿಂದು ಬಂದರೆ ಅಂಗಿಗೆ ಹೊಗೆಯ ವಾಸನೆ ಹಿಡಿದಿರುತ್ತದೆ. ಒಂದು ಒಗೆತಕ್ಕೆ ಅದು ಹೋಗುತ್ತದೆ. ಕಟ್ಟಿಗೆ, ಕಾಗದ, ಹತ್ತಿ ಚೆನ್ನಾಗಿ ಗಾಳಿಯಾಡಿ ಧಗಧಗನೆ ಉರಿದಾಗ ಬರುವ ಮಸಿ ಒಣ ಪುಡಿಯಂತೆ ಇರುತ್ತದೆ, ಕೊಡವಿದರೆ ಬಿಡುತ್ತದೆ. ಫ್ರಿಜ್ಜು ಸುಡುವುದು ಬೇರೆ ಲೆಕ್ಕ. ಅದರ ಒಳಗೋಡೆ ಪ್ಲಾಸ್ಟಿಕ್ಕು, ಗೋಡೆಯ ನಡುವೆ ತುಂಬಿದ್ದು ಫೋಮು, ವೈರಿನ ಹೊದಿಕೆ ಪಿವಿಸಿ. ಇವು ಗಾಳಿ ಸಾಲದೆ ಕಮರುವಾಗ ಬರುವ ಹೊಗೆ ದಟ್ಟ, ಅಂಟು. ಮುಟ್ಟಿದರೆ ಗ್ರೀಸಿನಂತೆ ಬಳಿಯುತ್ತದೆ. ಪಿವಿಸಿಯ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುವುದರಿಂದ ಅದು ತೇವ ಸೇರಿದರೆ ಆಮ್ಲವಾಗಿ ಜರಿಯನ್ನೂ ಕುಪ್ಪಸದ ಹುಕ್ಕುಗಳನ್ನೂ ಕಪ್ಪಾಗಿಸುತ್ತದೆ. ಹಾಗಾಗಿ ಜರಿ ಸೀರೆಯನ್ನು ‘ಹಬ್ಬಕ್ಕೆ ನೋಡಿದರಾಯಿತು’ ಎಂದು ಎತ್ತಿಡುವಂತಿಲ್ಲ. ಮೂರನೆಯದೊಂದಿದೆ: ಒಲೆಯ ಮೇಲೆ ಮರೆತು ಬಂದ ಹಾಲೋ ಮಾಂಸವೋ ಸೀದು ಕರಕಲಾದಾಗ ಬರುವ ಹೊಗೆ. ಕಪ್ಪು ಕಾಣಿಸುವುದೇ ಇಲ್ಲ, ಆದರೆ ತೆಳುವಾದ ಜಿಡ್ಡಿನ ಪದರವೊಂದು ಪರದೆ, ಹಾಸಿಗೆಗಳ ಮೇಲೆ ಕೂತು ವಾಸನೆ ಹೊಡೆಯುತ್ತಲೇ ಇರುತ್ತದೆ. ಕಲೆ ಇಲ್ಲವಲ್ಲ, ವಾಸನೆ ಎಲ್ಲಿಂದ ಎಂದು ಜನ ತಲೆ ಕೆಡಿಸಿಕೊಳ್ಳುವುದು ಈ ಹೊಗೆಯಿಂದಲೇ.

ಬೀರುವಿನ ಬಾಗಿಲು ಹಾಕಿದ್ದರೂ ಒಳಗೆ ಹೇಗೆ ಹೊಕ್ಕಿತು? ಬಿಸಿ ಹೊಗೆ ಹಿಗ್ಗಿ ಸಂದಿಗೊಂದಿಗಳಿಗೆ ನುಗ್ಗುತ್ತದೆ, ತಣ್ಣಗಿರುವ ಮೇಲ್ಮೈ ಕಂಡಲ್ಲಿ ಕೂರುತ್ತದೆ. ಉಕ್ಕಿನ ಬೀರು ಅಂಥ ತಣ್ಣನೆಯ ವಸ್ತುಗಳಲ್ಲೊಂದು.

ಇನ್ನು ವಾಸನೆ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಸುಟ್ಟಾಗ ಗ್ವಾಯಕಾಲ್, ಕ್ರೆಸಾಲ್ ಮುಂತಾದ ಫೀನಾಲ್ ಬಳಗದ ದ್ರವ್ಯಗಳು ಹುಟ್ಟುತ್ತವೆ. ಹೊಗೆಯ ವಾಸನೆ ಎಂದು ಮೂಗು ಗುರುತಿಸುವುದು ಮುಖ್ಯವಾಗಿ ಇವುಗಳನ್ನು. ಜೊತೆಗೆ ಕಣ್ಣು ಉರಿಸುವ ಆಲ್ಡಿಹೈಡುಗಳು, ಹುಳಿ ವಾಸನೆಯ ಅಸಿಟಿಕ್ ಆಮ್ಲ. ಇವುಗಳಲ್ಲಿ ಹೆಚ್ಚಿನವು ಆಮ್ಲದ ಗುಣದವು, ಫೀನಾಲುಗಳು ದುರ್ಬಲ ಆಮ್ಲಗಳು. ಬರಿಯ ನೀರಿನಲ್ಲಿ ಫೀನಾಲುಗಳು ಬೇಗ ಕರಗುವುದಿಲ್ಲ. ಕ್ಷಾರ ಸಿಕ್ಕಿದರೆ ಲವಣವಾಗಿ ಮಾರ್ಪಟ್ಟು ಸುಲಭವಾಗಿ ಕರಗುತ್ತವೆ, ಲವಣವಾದ ಮೇಲೆ ಆವಿಯಾಗಿ ಮೂಗಿಗೆ ಬರುವುದೂ ನಿಲ್ಲುತ್ತದೆ. ವಾಷಿಂಗ್ ಸೋಡಾ ಹಾಕಬೇಕು ಎನ್ನುವುದು ಇದಕ್ಕೆ. ಅಡಿಗೆ ಸೋಡಾ ಸೌಮ್ಯ ಕ್ಷಾರ, ಆಮ್ಲಗಳಿಗೆ ಸಾಕು, ಫೀನಾಲಿಗೆ ಸಾಲದು. ಹಿಂದಿನವರು ಬಟ್ಟೆಯನ್ನು ಸವಳು ಮಣ್ಣಿನಲ್ಲೋ ಬೂದಿ ನೀರಿನಲ್ಲೋ ನೆನೆಸುತ್ತಿದ್ದರಲ್ಲ, ಅವುಗಳಲ್ಲಿರುವುದೂ ಇಂಥ ಕ್ಷಾರವೇ. ಬೆಂಕಿ ಬಿಟ್ಟ ವಾಸನೆಯನ್ನು ಬೆಂಕಿಯದೇ ಬೂದಿ ತೆಗೆಯುತ್ತದೆ ಎಂಬುದು ನನಗೆ ತರಗತಿಯಲ್ಲಿ ಹೇಳಲು ಇಷ್ಟವಾದ ಸಂಗತಿ, ಮಕ್ಕಳಿಗೆ ಅಷ್ಟೇನೂ ಇಷ್ಟವಾದಂತೆ ಕಾಣಲಿಲ್ಲ.

ಚಿಕ್ಕಮ್ಮನ ಮನೆಯ ಹತ್ತಿ ಬಟ್ಟೆಗಳಿಗೆ ನಾವು ಮಾಡಿದ್ದನ್ನು ಹೇಳುತ್ತೇನೆ. ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಇದು, ಮನೆ ತುಂಬ ಹತ್ತಿ ಬಟ್ಟೆ ಇದ್ದದ್ದು ನಮ್ಮ ಅದೃಷ್ಟ. ಹತ್ತಿ ಕ್ಷಾರವನ್ನೂ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಮೊದಲು ಎಲ್ಲದರ ಫೋಟೊ ತೆಗೆದಿಟ್ಟೆವು, ವಿಮೆಯವರು ಕೇಳುತ್ತಾರೆ. ಆಮೇಲೆ ಮಾಸ್ಕು, ಕೈಗವಸು ಹಾಕಿಕೊಂಡು ಒಂದೊಂದೇ ಬಟ್ಟೆಯನ್ನು ಮಾಳಿಗೆಯ ಮೇಲೆ ಒಯ್ದು ಗಾಳಿಯ ದಿಕ್ಕಿಗೆ ಬೆನ್ನು ಕೊಟ್ಟು ಮೆಲ್ಲಗೆ ಕೊಡವಿದೆವು. ಮನೆಯೊಳಗೆ ಕೊಡವಿದರೆ ಅದೇ ಮಸಿ ಇನ್ನೊಂದು ಬಟ್ಟೆಗೆ. ಹೆಗಲ ಮೇಲೆ ಹಾಕಿಕೊಂಡು ಒಯ್ಯುವುದೂ ಕೂಡದು. ಉಳಿದದ್ದನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದೆವು. ಇಲ್ಲೊಂದು ಸೂಕ್ಷ್ಮವಿದೆ. ಮೂತಿಯನ್ನು ಬಟ್ಟೆಗೆ ಒತ್ತಬಾರದು, ಬ್ರಷ್ ಇರುವ ಮೂತಿಯಂತೂ ಬೇಡವೇ ಬೇಡ. ಡ್ರೈ ಕ್ಲೀನಿಂಗಿನ ಯಜಮಾನರು ತೋರಿಸಿಕೊಟ್ಟ ಹಾಗೆ, ಮೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಬಟ್ಟೆಯಿಂದ ಒಂದು ಬೆರಳು ಎತ್ತರದಲ್ಲಿ ಹಿಡಿದು, ನೇಯ್ಗೆಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯುತ್ತ ಹೋಗಬೇಕು. ಬಿಳಿ ದುಪ್ಪಟಿಯ ಮೇಲೆ ಮೂತಿ ಹಾದು ಹೋದ ಪಟ್ಟೆ ಬೆಳ್ಳಗೆ, ಪಕ್ಕದ್ದು ಬೂದು. ಬರಿಯ ಗಾಳಿಗೆ ಇಷ್ಟು ಹೋಗುತ್ತದೆ ಎಂದು ಕಣ್ಣಾರೆ ಕಂಡ ಮೇಲೆ ಚಿಕ್ಕಮ್ಮ ಸೆರಗನ್ನು ನೆನೆದು ಮತ್ತೊಮ್ಮೆ ಪೇಚಾಡಿದರು. ಜಿಡ್ಡಾಗಿದ್ದ ಕಡೆ ಮುಲ್ತಾನಿ ಮಿಟ್ಟಿಯ ಒಣ ಪುಡಿ ಉದುರಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಹಾಗೆಯೇ ಎಳೆದೆವು. ಅದು ಎಣ್ಣೆ ಹೀರುವ ಮಣ್ಣು.

ಇದಿಷ್ಟೂ ಆದ ಮೇಲೆ ನೀರು. ಒಂದು ಬಕೆಟ್ ನೀರಿಗೆ, ಅಂದರೆ ಸುಮಾರು 15 ಲೀಟರಿಗೆ, ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಎಂದಿನಷ್ಟು ಡಿಟರ್ಜೆಂಟ್ ಪುಡಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಅರ್ಧ ಗಂಟೆ ನೆನೆಸಿ, ಉಜ್ಜದೆ ಅದ್ದಿ ಅದ್ದಿ ತೆಗೆದು, ಆ ನೀರನ್ನು ಚೆಲ್ಲಬೇಕು. ಕಪ್ಪಾದ ನೀರಿನಲ್ಲೇ ಬಟ್ಟೆ ಬಿಟ್ಟರೆ ಬಿಟ್ಟ ಮಸಿ ಮತ್ತೆ ಹೋಗಿ ಕೂರುತ್ತದೆ. ಎರಡನೆಯ ಸಲ ಹೊಸ ನೀರು, ಮೂರನೆಯ ಸಲ ಮತ್ತೆ ಹೊಸ ನೀರು. ನೀರು ಯಾವುದು ಎಂಬುದೂ ಮುಖ್ಯ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬಾರ್ ಸೋಪಿನೊಂದಿಗೆ ಸೇರಿ ಕರಗದ ಗಸಿಯಾಗುತ್ತದೆ, ಆ ಗಸಿ ಮಸಿಯನ್ನು ಹಿಡಿದುಕೊಂಡು ಬಟ್ಟೆಯ ಮೇಲೆಯೇ ಕೂತು ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ. ನಲ್ಲಿ ನೀರು ಬಂದ ದಿನ ಹಿಡಿದಿಟ್ಟುಕೊಂಡು ಈ ಕೆಲಸಕ್ಕೆ ಬಳಸುವುದು ಮೇಲು. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರಿನ ಕಡೆ ಬೋರ್‌ವೆಲ್ಲೇ ಗತಿಯಾದರೆ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿ ಬಳಸಿ. ವಾಷಿಂಗ್ ಸೋಡಾ ನೀರಿನ ಗಡಸನ್ನೂ ಇಳಿಸುತ್ತದೆ.

ಮೂರು ಒಗೆತವಾದ ಮೇಲೂ ಬಿಳಿ ಬಟ್ಟೆಯಲ್ಲಿ ಹಳದಿ ಉಳಿದರೆ ಅದು ಟಾರಿನದು, ಅದಕ್ಕೆ ಕ್ಲೋರಿನ್ ಇಲ್ಲದ ಆಕ್ಸಿಜನ್ ಬ್ಲೀಚ್ ನಾಟುತ್ತದೆ. ಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆ ನೆನೆಸಿದರೆ ತಿಳಿಯಾಗುತ್ತದೆ. ಬಿಸಿಗೆ ಬಟ್ಟೆಯೇ ಕಂದಿದ್ದರೆ ಯಾವುದೂ ನಾಟುವುದಿಲ್ಲ, ಅಲ್ಲಿ ನೂಲೇ ಬೆಂದಿರುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆಯೇ ನೋಡಿ.

ವಾಸನೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಪೆಟ್ಟಿಗೆ ಹತ್ತಿರ ಬರಬಾರದು. ವಾಷಿಂಗ್ ಮೆಷಿನ್ನಿನ ಡ್ರೈಯರ್ ಬಿಸಿಯೂ ಬೇಡ. ಉಳಿದ ಟಾರು ಬಿಸಿಗೆ ಕರಗಿ ಎಳೆಯೊಳಗೆ ಇಳಿದು ಗಟ್ಟಿಯಾದರೆ ಮತ್ತೆ ಹೊರಗೆ ಬರುವುದಿಲ್ಲ.

ಬೆಂಕಿ ನಂದಿಸುವಾಗಲೇ ಬಟ್ಟೆ ನೆನೆದಿದ್ದರೆ ಮೊದಲು ಒಣ ಕೆಲಸ ಎಂಬ ನಿಯಮ ನಡೆಯುವುದಿಲ್ಲ. ನೆನೆದ ರಾಶಿಯನ್ನು ಹಾಗೆಯೇ ಬಿಟ್ಟರೆ ಒಂದೆರಡು ದಿನದಲ್ಲಿ ಬೂಸಲು ಹಿಡಿಯುತ್ತದೆ. ತಡಮಾಡದೆ ಧಾರಾಳ ನೀರಿನಲ್ಲಿ ಜಾಲಿಸಿ, ಹರವಿ ಒಣಗಿಸಿ, ಆಮೇಲೆ ಒಗೆತಕ್ಕೆ ಹೋಗಿ. ಬೆಂಕಿ ಆರಿಸುವ ಸಿಲಿಂಡರಿನ ಹಳದಿ ಪುಡಿ ಸಿಂಪಡಿಸಿ ನಂದಿಸಿದ್ದರೆ ಆ ಪುಡಿಯೂ ಒಣಗಿದ್ದಾಗಲೇ ಉದುರಬೇಕು, ತೇವ ಸೇರಿದರೆ ಅಂಟಾಗುತ್ತದೆ.

ಮೊದಲು ಒಣ ಕೆಲಸ ಎಂಬುದು ರೇಷ್ಮೆಗೂ ಉಣ್ಣೆಗೂ ಸರಿಯೇ, ಆದರೆ ತೊಳೆಯುವ ಲೆಕ್ಕ ಮಾತ್ರ ಉಲ್ಟಾ. ಅವು ಪ್ರೋಟೀನಿನ ಎಳೆಗಳು, ನಮ್ಮ ಕೂದಲಿನ ಹಾಗೆ. ವಾಷಿಂಗ್ ಸೋಡಾ ಅವನ್ನು ಒರಟಾಗಿಸುತ್ತದೆ, ಕ್ಲೋರಿನ್ ಬ್ಲೀಚ್ ಕರಗಿಸಿಯೇ ಬಿಡುತ್ತದೆ. ಕಲೆ ತಿನ್ನುವ ಕಿಣ್ವಗಳಿವೆ ಎಂದು ಜಾಹೀರಾತು ಮಾಡುವ ಪುಡಿಗಳು ರೇಷ್ಮೆಯನ್ನೂ ತಿನ್ನುತ್ತವೆ. ಜರಿ ಸೀರೆಯಾದರೆ ಮನೆಯಲ್ಲಿ ಕೈ ಹಾಕದೆ ಡ್ರೈ ಕ್ಲೀನಿಂಗಿಗೆ ಕೊಡಿ, ಕೊಡುವಾಗಲೇ ‘ಬೆಂಕಿಯ ಹೊಗೆ ಹಿಡಿದದ್ದು’ ಎಂದು ಬಾಯಿಬಿಟ್ಟು ಹೇಳಿ. ಅಲ್ಲಿ ಬಳಸುವುದು ನೀರಲ್ಲ, ಟಾರನ್ನು ಕರಗಿಸುವ ದ್ರಾವಕ. ಹೇಳದೆ ಕೊಟ್ಟರೆ ಬೇರೆಯವರ ಸೀರೆಗಳ ಜೊತೆ ಹಾಕಿ ಎಲ್ಲಕ್ಕೂ ವಾಸನೆ ಹಿಡಿಯುತ್ತದೆ. ಜರಿಯಿಲ್ಲದ ಸಾದಾ ರೇಷ್ಮೆಯನ್ನು, ಒಣ ಮಸಿ ತೆಗೆದ ಮೇಲೆ, ಅಂಟುವಾಳಕಾಯಿಯ ತಣ್ಣನೆಯ ನೊರೆನೀರಿನಲ್ಲಿ ಅದ್ದಿ ತೆಗೆಯಬಹುದು. ಬಣ್ಣ ಬಿಡುತ್ತದೆಯೇ ಎಂದು ಒಳಮಡಿಕೆಯಲ್ಲಿ ನೋಡಿಕೊಂಡು.

ಕಂಬಳಿಯ ಮಾತು ಬೇರೆಯೇ. ಚಿಕ್ಕಮ್ಮನ ಮನೆಯ ಅಟ್ಟದ ಮೇಲೆ ಚಳ್ಳಕೆರೆ ಕಡೆಯ ಕರಿ ಕಂಬಳಿಯೊಂದಿತ್ತು, ಚಿಕ್ಕಪ್ಪನ ತಂದೆಯದು. ಕೈಮಗ್ಗದ ಕಂಬಳಿಗೆ ನೇಯುವಾಗ ಹುಣಸೆಬೀಜದ ಗಂಜಿ ಕೊಟ್ಟಿರುತ್ತಾರೆ, ಅದರ ಬಿಗಿ ಇರುವುದೇ ಆ ಗಂಜಿಯಲ್ಲಿ. ಬಿಸಿ ನೀರಿಗೆ ಹಾಕಿ ಕುಕ್ಕಿದರೆ ಗಂಜಿ ಹೋಗಿ, ಉಣ್ಣೆ ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತದೆ. ಅದಕ್ಕೆ ನಾವು ನೀರು ತೋರಿಸಲೇ ಇಲ್ಲ. ಕೊಡವಿ, ಹಗ್ಗಕ್ಕೆ ಹಾಕಿ, ಹದಿನೈದು ದಿನ ಮಾಳಿಗೆಯ ಮೇಲೆ ಗಾಳಿಗೆ ಬಿಟ್ಟೆವು. ಉಣ್ಣೆ ಗಾಳಿಯ ತೇವವನ್ನು ರಾತ್ರಿ ಹೀರಿ ಹಗಲು ಬಿಡುತ್ತದೆ, ಬಿಡುವಾಗ ವಾಸನೆಯನ್ನೂ ಒಂದಿಷ್ಟು ಬಿಡುತ್ತದೆ. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಮ್ಮ ಬಯಲುಸೀಮೆಯಲ್ಲಿ ಬಿಟ್ಟಿ ಸಿಗುತ್ತದೆ, ಬಳಸಿಕೊಳ್ಳಬೇಕು.

ಪಾಲಿಯೆಸ್ಟರ್ ನೋಡಲು ಬೇಗ ಬೆಳ್ಳಗಾಗುತ್ತದೆ, ವಾಸನೆ ಬಿಡುವುದು ಮಾತ್ರ ಎಲ್ಲಕ್ಕಿಂತ ತಡ. ಅದರ ಎಳೆ ಎಣ್ಣೆಯ ಸ್ನೇಹಿತ. ನಾಲ್ಕೈದು ಒಗೆತಕ್ಕೆ ಸಿದ್ಧರಾಗಿ. ಫೋಮಿನ ಹಾಸಿಗೆ, ದಿಂಬು ಎಸೆಯಿರಿ. ಹತ್ತಿಯ ಗಾದಿಯಾದರೆ ಹೊದಿಕೆ ಬಿಚ್ಚಿ, ಹತ್ತಿ ಹಿಂಜಿಸಿ, ಬಿಸಿಲಿಗೆ ಹಾಕಿ ಮತ್ತೆ ತುಂಬಿಸಬಹುದು.

ಬಂದು ಹೋದವರೆಲ್ಲ ಕೊಟ್ಟ ಸಲಹೆಗಳ ಬಗ್ಗೆ ಎರಡು ಮಾತು. ಒಬ್ಬರು ಸಾಂಬ್ರಾಣಿ ಹಾಕಿ ಎಂದರು. ಹೊಗೆ ಹೊಕ್ಕ ಮನೆಗೆ ಇನ್ನಷ್ಟು ಹೊಗೆ! ಇನ್ನೊಬ್ಬರು ನುಸಿಗುಳಿಗೆ ಇಡಿ ಎಂದರು, ಮೂರನೆಯವರು ಪರಿಮಳದ ಕಂಡೀಷನರ್. ಕಂಡೀಷನರ್ ಎಳೆಯ ಮೇಲೆ ಜಿಡ್ಡಿನ ತೆಳು ಪದರ ಹೊದಿಸಿ ವಾಸನೆಯನ್ನು ಒಳಗೇ ಕೂಡಿಹಾಕುತ್ತದೆ. ಕ್ಲೋರಿನ್ ಬ್ಲೀಚಿನದು ಇನ್ನೂ ಫಜೀತಿ: ಅದು ಫೀನಾಲಿನೊಡನೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ, ಬಟ್ಟೆ ಹೊಗೆಯ ಬದಲು ಆಸ್ಪತ್ರೆಯ ವಾಸನೆ ಹೊಡೆಯಲು ಶುರು. ಅದನ್ನು ವಿನೆಗರಿನ ಜೊತೆಗೋ ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆಗೋ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಸಂಚಕಾರ. ಓಜೋನ್ ಯಂತ್ರವನ್ನು ಬಾಡಿಗೆಗೆ ತರಿಸುವವರಿದ್ದಾರೆ. ವಾಸನೆಯನ್ನು ಅದು ಕೊಲ್ಲುವುದು ನಿಜ, ಶ್ವಾಸಕೋಶಕ್ಕೂ ಬಟ್ಟೆಯ ಎಲಾಸ್ಟಿಕ್ಕಿಗೂ ಅದು ಒಳ್ಳೆಯದಲ್ಲ ಎಂಬುದೂ ನಿಜ. ಮನುಷ್ಯರಿರುವ ಮನೆಯಲ್ಲಿ ಹಚ್ಚಬಾರದು.

ವಾಸನೆ ಹೋಯಿತೇ ಎಂದು ತಿಳಿಯಲು ಆ ಮನೆಯವರ ಮೂಗನ್ನು ನಂಬುವಂತಿಲ್ಲ. ಮೂಗಿಗೆ ಬೇಗ ರೂಢಿಯಾಗುತ್ತದೆ. ಒಗೆದು ಒಣಗಿಸಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ರಾತ್ರಿ ಇಟ್ಟು, ಬೆಳಗ್ಗೆ ಹೊರಗಿನಿಂದ ಬಂದವರ ಕೈಗೆ ಕೊಟ್ಟು ಬಿಚ್ಚಿಸಿ. ಚಿಕ್ಕಮ್ಮನ ಮನೆಯಲ್ಲಿ ಆ ಕೆಲಸ ಹಾಲು ಹಾಕುವ ಹುಡುಗನದಾಗಿತ್ತು. ಅವನು ತಲೆ ಕೊಡವಿದರೆ ಬಟ್ಟೆ ಮತ್ತೆ ಬಕೆಟ್ಟಿಗೆ.

ಜೂನ್ ಹೊತ್ತಿಗೆ ಎಲ್ಲವೂ ಅವನ ಪರೀಕ್ಷೆಯಲ್ಲಿ ಪಾಸಾದವು. ಆಷಾಢದ ಜಿಟಿಜಿಟಿ ಮಳೆ ಹಿಡಿದ ಒಂದು ಬೆಳಗ್ಗೆ ಚಿಕ್ಕಮ್ಮನ ಫೋನು: “ನಡುಮನೆಯ ಪರದೆ ಮತ್ತೆ ನಾರುತ್ತಿದೆಯಪ್ಪ, ಬೆಂಕಿ ಇವತ್ತು ಹತ್ತಿದ ಹಾಗೆ.” ಗಾಳಿಯಲ್ಲಿ ತೇವ ಏರಿದಾಗ ನೀರಿನ ಅಣುಗಳು ಎಳೆಯಲ್ಲಿ ಅಡಗಿ ಕೂತ ವಾಸನೆಯ ಅಣುಗಳನ್ನು ಜಾಗ ಬಿಡಿಸಿ ಹೊರಗೆ ತಳ್ಳುತ್ತವೆ. ಪರದೆ ಪಾಲಿಯೆಸ್ಟರಿನದು. ಬಿಸಿಲು ಬೀಳುವವರೆಗೆ ಕಾದು, ಐದನೆಯ ಸಲ ಸೋಡಾ ನೀರಿನಲ್ಲಿ ನೆನೆಹಾಕಿದೆವು.